ಗ್ವಾಡಿ ಮೀಮಾಂಸೆ: ಸೂಡಿ ಸೀಮೆಯ ಸುಣ್ಣ-ಬಣ್ಣ ಶಾಸ್ತ್ರ

ವಿಷಯ

ಗೋಡೆಗೆ ಬಣ್ಣ ಹಚ್ಚುವ ವಿಚಾರದಲ್ಲಿ ಈವರೆಗೆ ಬಂದ ಗ್ರಂಥಗಳೆಲ್ಲ ಪೇಂಟಿನ ಅಂಗಡಿಯವರು ಪುಕ್ಕಟೆ ಹಂಚಿದವು. ಅವುಗಳಲ್ಲಿ ಬಣ್ಣದ ಚೌಕಗಳಿವೆಯೇ ಹೊರತು ತರ್ಕವಿಲ್ಲ. ಆ ಕೊರತೆ ನೀಗಲೆಂದು ಈ ಪ್ರಬಂಧ. ಅಧ್ಯಯನಕ್ಕೆ ಗದಗ ಜಿಲ್ಲೆಯ ಸೂಡಿಯನ್ನು ಆರಿಸಲು ಕಾರಣ ಎರಡು. ಒಂದು, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಕ್ಕಾದೇವಿ ಕಿಸುಕಾಡು-70 ಎಂಬ ನಾಡನ್ನು ಆಳಿದ್ದು ಇಲ್ಲಿಂದ. ಇಲ್ಲೊಂದು ಟಂಕಸಾಲೆಯೂ ಇತ್ತು. ಬಜೆಟ್ಟಿನ ಚರ್ಚೆಗೆ ನಾಣ್ಯ ಹೊಡೆಯುತ್ತಿದ್ದ ಊರಿಗಿಂತ ಪ್ರಶಸ್ತ ಜಾಗ ಯಾವುದಿದೆ? ಎರಡು, 1060ರ ಸುಮಾರಿಗೆ ನಾಗದೇವ ಕಟ್ಟಿಸಿದ ಜೋಡು ಕಳಸದ ಗುಡಿ ಬಣ್ಣದ ಡಬ್ಬಿಯ ಹಂಗಿಲ್ಲದೆ ಇಂದಿಗೂ ನಿಂತಿದೆ. ಅದರ ಮುಂದೆ ಹಾಯುವ ಗೃಹಸ್ಥ, ಹೋದ ದೀಪಾವಳಿಗೆ ಹಚ್ಚಿಸಿದ ತನ್ನ ಗೋಡೆ ಈ ದೀಪಾವಳಿಗೇ ಮಾಸಿದ್ದನ್ನು ನೆನೆದು ನಿಟ್ಟುಸಿರು ಬಿಡುತ್ತಾನೆ. ಶಾಸ್ತ್ರ ಹುಟ್ಟಿದ್ದು ಆ ನಿಟ್ಟುಸಿರಿನಿಂದ.

ಸಂಶಯ

ಮನೆಯ ಬಣ್ಣ ಆರಿಸುವವರು ಯಾರು? ಯಜಮಾನನೋ, ಯಜಮಾನತಿಯೋ, ಪೇಂಟರನೋ?

ಮೂವರೂ ಅಲ್ಲ. ಮೊದಲ ಹಕ್ಕು ಬಿಸಿಲಿನದು. ಕಣ್ಣಿಗೆ ಹೊಡೆಯುವ ಗುಲಾಬಿ, ನಿಂಬೆ ಹಳದಿಗಳಲ್ಲಿ ಇರುವ ಸಾವಯವ ವರ್ಣದ್ರವ್ಯ ನೇರಳಾತೀತ ಕಿರಣಕ್ಕೆ ಒಡೆಯುತ್ತದೆ. ಮಧ್ಯಾಹ್ನದ ಬಿಸಿಲು ನೇರ ಬೀಳುವ ಪಡುವಣ ಗೋಡೆ ಮೊದಲು ಸೋಲುತ್ತದೆ. ಬಡಗಣದ್ದು ಹಾಗೇ ಉಳಿಯುತ್ತದೆ. ಹೀಗಾಗಿ ಒಂದೇ ಡಬ್ಬಿಯ ಮನೆ ಕೆಲವೇ ಬೇಸಿಗೆಗಳಲ್ಲಿ ಎರಡು ಬಣ್ಣದ್ದಾಗುತ್ತದೆ, ಎರಡನೆಯದಕ್ಕೆ ಖರ್ಚಿಲ್ಲ.

ಎರಡನೆಯ ಹಕ್ಕು ಗಾಳಿಯದು. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟವರು ಶೋಕಿಗೆ ನೆಟ್ಟಿಲ್ಲ. ಅದೇ ಗಾಳಿ ಹರಗಿದ ಹೊಲದ ಧೂಳನ್ನು ಹಸಿ ಪೇಂಟಿನ ಮೇಲೆ ತಂದು ಕೂರಿಸುತ್ತದೆ. ಇದನ್ನು ಪಟ್ಟಣದವರು ‘ಟೆಕ್ಸ್‌ಚರ್ ಫಿನಿಶ್’ ಎಂದು ದುಡ್ಡು ಕೊಟ್ಟು ಮಾಡಿಸುತ್ತಾರೆಂದು ಕೇಳಿದ್ದೇವೆ.

ಮೂರನೆಯ ಹಕ್ಕು ರೋಣ-ನರಗುಂದದ ಎರೆಮಣ್ಣಿನದು. ಮಳೆಗೆ ಉಬ್ಬಿ, ಬೇಸಿಗೆಗೆ ಬಾಯಿ ಬಿಡುವ ಈ ಮಣ್ಣು ತಳಪಾಯವನ್ನು ಅಲುಗಿಸುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಇಳಿಯುತ್ತದೆ. ಪುಟ್ಟಿ ತುಂಬಿ ಮುಚ್ಚಿದರೆ ಮುಂದಿನ ಬೇಸಿಗೆಗೆ ಅದೇ ದಾರಿ ಹಿಡಿದು ಮತ್ತೆ ಬರುತ್ತದೆ. ಇಷ್ಟು ಮಂದಿ ಆರಿಸಿ ಬಿಟ್ಟ ಮೇಲೆ ಉಳಿದದ್ದು ಮನೆಯವರ ಪಾಲಿನದು.

ಪೂರ್ವಪಕ್ಷ

ಎಮಲ್ಶನ್‌ವಾದಿಗಳ ಮತ: ದುಡ್ಡು ಸುರಿದರೆ ಎಲ್ಲ ಸರಿಹೋಗುತ್ತದೆ. ಲೆಕ್ಕ ನೋಡೋಣ. ಹತ್ತಕ್ಕೆ ಹತ್ತರ ಖೋಲಿ, ಎತ್ತರ ಹತ್ತು ಅಡಿ. ನಾಲ್ಕು ಗೋಡೆ 400, ಮೇಲೆ 100, ಒಟ್ಟು 500 ಚದರಡಿ. ಮಾಲಕ ಇದರಲ್ಲಿ ಬಾಗಿಲು, ಕಿಟಕಿ, ದೇವರ ಮಾಡವನ್ನೂ ಕಳೆಯುತ್ತಾನೆ. ಪೇಂಟರನದು ಬೇರೆ ಗಣಿತ: “ಬಾಗಲಾ ತಗದ್ರ ಚೌಕಟ್ಟ ಯಾರು ಹೊಡೀಬೇಕ್ರಿ ಮಾಲಕ್ರ? ಅದು ಇದಕ್ಕ ಹೋತ್ರಿ.” ಯಾವುದು ಯಾವುದಕ್ಕೆ ಹೋಯಿತೆಂದು ಕೇಳುವಷ್ಟರಲ್ಲಿ ಆತ ನಿಚ್ಚಣಿಕೆ ಏರಿರುತ್ತಾನೆ.

ಡಬ್ಬಿಯ ಮೇಲೆ ಬರೆದ ಲೀಟರಿನ ಹರವು ಪ್ರೈಮರ್ ಕುಡಿದ ನುಣುಪು ಗೋಡೆಯದು. ನಮ್ಮ ಗೋಡೆಗಳ ಬಾಯಾರಿಕೆ ಕಂಪನಿಗೆ ಗೊತ್ತಿಲ್ಲ. 2018ರ ಜುಲೈನಲ್ಲಿ ಪೇಂಟಿನ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿಯಿತು. ಆ ಉಳಿತಾಯವನ್ನು ಬ್ರಷ್ಷು, ಮರಳು ಕಾಗದ, ಪೇಂಟರನ ಚಹಾ, ಚಹಾದ ಜೊತೆಗಿನ ಮಿರ್ಚಿ ಹಂಚಿಕೊಂಡವು.

ಇನ್ನು ಗ್ಯಾರಂಟಿ. ಕಂಪನಿ ಹತ್ತು ವರ್ಷ ಎಂದರೆ ಪೂರ್ವಪಕ್ಷಿ ಬೆರಗಾಗುತ್ತಾನೆ. ಪಕ್ಕದ ಬಾದಾಮಿಯಲ್ಲಿ 578ರ ಮೂರನೆಯ ಗುಹೆಯೊಳಗೆ ಚಿತ್ರದ ಬಣ್ಣ ಅಲ್ಲಲ್ಲಿ ಇನ್ನೂ ಉಳಿದಿದೆ. ಆ ಗುಹೆ ಕೊರೆಸಿದ ಮಂಗಳೇಶ ಯಾರಿಗೂ ಗ್ಯಾರಂಟಿ ಕಾರ್ಡು ಬರೆದುಕೊಟ್ಟಿರಲಿಲ್ಲ. ಅಲ್ಲಿ ಬಿಸಿಲು-ಮಳೆ ನೇರ ಬೀಳುವುದಿಲ್ಲ, ಅಷ್ಟೇ ಗುಟ್ಟು. ಅಂದರೆ ಬಣ್ಣ ಬಾಳಬೇಕಾದರೆ ಮನೆಯನ್ನು ಗುಹೆಯೊಳಗೆ ಕಟ್ಟಬೇಕು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಆರಂಭಿಸಿದ ಬಣ್ಣದ ಕಾರ್ಖಾನೆ 1962ರಿಂದ ಚುನಾವಣೆಗೆ ಅಳಿಸಲಾಗದ ಶಾಯಿ ಒದಗಿಸುತ್ತಿದೆ. ಉಜ್ಜಿದರೂ ಹೋಗದ ಬಣ್ಣ ನಾಡಿನಲ್ಲಿ ಇದ್ದೂ ಅದನ್ನು ಬೆರಳಿಗಷ್ಟೇ ಹಚ್ಚಿ ಗೋಡೆಗೆ ಹಚ್ಚದಿರುವುದಕ್ಕೆ ಎಮಲ್ಶನ್‌ವಾದಿಗಳು ಉತ್ತರ ಕೊಟ್ಟಿಲ್ಲ.

ಸಿದ್ಧಾಂತ

ಮಣ್ಣಿನ ಗೋಡೆಗೆ ಸುಣ್ಣವೇ ಸರಿ. ಸುಟ್ಟ ಸುಣ್ಣದ ಹರಳಿಗೆ ನೀರು ಬಿದ್ದೊಡನೆ ಡ್ರಮ್ಮು ಕೊತಕೊತ ಕುದಿಯುತ್ತದೆ. ಹುಡುಗರನ್ನು ದೂರ ಅಟ್ಟಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಅಂಟು ಬೆರೆಸಿ, ಚಿಟಿಕೆ ನೀಲಿ ಹಾಕಿ ಕಲಕುತ್ತಾರೆ. ಹಚ್ಚಿದಾಗ ನೀರಾಗಿ ಕಂಡು, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿ ಅದು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಗೋಡೆಯ ಮೇಲೆ ತೆಳುವಾಗಿ ಕಲ್ಲನ್ನೇ ಬಳಿದಂತೆ. ಅದು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಗೋಡೆಯ ತೇವಕ್ಕೆ ಹೊರಹೋಗಲು ದಾರಿ ಬಿಡುತ್ತದೆ. ಪ್ಲಾಸ್ಟಿಕ್ಕಿನಂಥ ಎಮಲ್ಶನ್ ಆ ದಾರಿ ಮುಚ್ಚುತ್ತದೆ. ಒಳಗಿನ ನೀರು, ಸವಳು ಸೇರಿ ಬಣ್ಣವನ್ನು ನೂಕುತ್ತವೆ. ಬಣ್ಣ ಬೇಕೇಬೇಕೆಂದರೆ ಕೆಮ್ಮಣ್ಣಿದೆ: ಅದರ ಕಬ್ಬಿಣದ ಆಕ್ಸೈಡು ಬಿಸಿಲಿಗೂ ಜಗ್ಗದು, ಸುಣ್ಣದ ಖಾರಕ್ಕೂ ಜಗ್ಗದು. ಕಟ್ಟೆಯಂಚಿಗೆ ಕೆಂಪು ಪಟ್ಟಿ ಎಳೆದ ಅಜ್ಜಿಯರು ಇದನ್ನು ಪ್ರಯೋಗಾಲಯವಿಲ್ಲದೆ ಕಂಡುಕೊಂಡಿದ್ದರು. ಸಿಮೆಂಟಿನ ಹೊಸ ಗೋಡೆಯವರು ಗಿಲಾವು ಆದ ಮೇಲೆ ನಾಲ್ಕು ವಾರ ಕಾಯ್ದು ಎಮಲ್ಶನ್ ಹಚ್ಚಿಕೊಳ್ಳಲಿ, ಶಾಸ್ತ್ರದ ವಿರೋಧವಿಲ್ಲ.

ಆದರೂ ಮಣ್ಣಿನ ಮನೆಗಳಲ್ಲಿ ಎಮಲ್ಶನ್ ಏಕೆ ಏರುತ್ತದೆ? ಇದಕ್ಕೆ ನಮ್ಮ ಮುಖ್ಯ ಸಿದ್ಧಾಂತವಾದ ಬೀಗರ ದೃಷ್ಟಿ ನಿಯಮವೇ ಉತ್ತರ: ಬಣ್ಣದ ಬೆಲೆ, ಬೀಗರು ಕೂತಲ್ಲಿಂದ ಕಾಣುವ ಗೋಡೆಯಲ್ಲಿ ಗರಿಷ್ಠ, ಕಾಣದ ಗೋಡೆಯಲ್ಲಿ ಶೂನ್ಯ. ಕನ್ಯೆ ನೋಡಲು ಬರುವ ಸುದ್ದಿ ಬಂದ ವಾರ ಪಡಸಾಲೆಯ ಎದುರುಗೋಡೆ ಹೊಳೆಯುತ್ತದೆ. ಅಡುಗೆಮನೆಯ ಮಸಿ ಹಾಗೇ ಇರುತ್ತದೆ. ಹಿತ್ತಲ ಗೋಡೆಗೆ ಆಕಳು ಮೈ ತಿಕ್ಕಿದ್ದೇ ಬಣ್ಣ. ಅಂಗಡಿಯಲ್ಲಿ ಯಜಮಾನತಿ “ಬೀಗರ ಮನ್ಯಾಗ ಯಾವದ ಹಚ್ಯಾರೋ ಅದಕ್ಕಿಂತ ಒಂದೀಟು ತಿಳಿದು ಕೊಡ್ರಿ” ಎಂದರೆ ಆಯ್ಕೆ ಮುಗಿಯಿತು. ಕಂಪನಿಯ ಸಾವಿರ ಛಾಯೆಗಳಲ್ಲಿ ಇದೊಂದಕ್ಕೆ ನಂಬರಿಲ್ಲ.

ಆದ್ದರಿಂದ ಬಜೆಟ್ ಮಾಡುವ ಕ್ರಮ: ಟೇಪು ಹಿಡಿದು ಗೋಡೆ ಅಳೆಯಬೇಡಿ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಬೀಗರ ಜಾಗದಲ್ಲಿ ಕೂತು ಸುತ್ತ ನೋಡಿ. ಕಂಡಷ್ಟಕ್ಕೆ ದುಡ್ಡು ಹಾಕಿ, ಉಳಿದುದಕ್ಕೆ ಸುಣ್ಣ ಹಾಕಿ.

ಫಲಶ್ರುತಿ

ಇದನ್ನು ದಸರೆಗೆ ಮುಂಚೆ ಓದಿದವರ ಮನೆ ಬೇಸಿಗೆಯಲ್ಲಿ ತಂಪಾಗಿರುವುದು. ಪೇಂಟರನಿಗೆ ಓದಿ ಹೇಳಿದವರ ಅಂದಾಜು ಪಟ್ಟಿಯಿಂದ ಬಾಗಿಲು-ಕಿಟಕಿ ಕಳೆಯಲ್ಪಡುವುದು. ಓದಿಯೂ ಹಸಿ ಮಣ್ಣುಗೋಡೆಗೆ ಪ್ಲಾಸ್ಟಿಕ್ ಬಣ್ಣ ಬಳಿದವರಿಗೆ, ನಿಬ್ಬಣ ಬಂದಿಳಿಯುವ ಹೊತ್ತಿಗೆ, ಎದುರುಗೋಡೆಯ ಮೇಲೆಯೇ ಹಪ್ಪಳ ಏಳುವುದು. ಇದಕ್ಕೆ ಗ್ಯಾರಂಟಿ ನಮ್ಮದು.