ಬೂಷ್ಟಿನ ಜನಗಣತಿ

ನಮ್ಮ ಸೇಡಂ ಕಡೆ ಬೇಲಿ ಎಂದರೆ ಮುಳ್ಳೂ ಅಲ್ಲ, ತಂತಿಯೂ ಅಲ್ಲ; ಫರಸಿ. ಶಹಾಬಾದ್ ಕಲ್ಲಿನ ಚಪ್ಪಡಿಗಳನ್ನು ಸಾಲಾಗಿ ನೆಟ್ಟರೆ ಹಿತ್ತಲಿಗೆ ಹಿತ್ತಲು ಬೇರೆ. ಎದೆಮಟ್ಟ ಇರುವುದರಿಂದ ಮೊಣಕೈ ಊರಿ ಮಾತಾಡಲಿಕ್ಕೆ ಬಲು ಅನುಕೂಲ. ಬೇಸಿಗೆಯಲ್ಲಿ ಕಲ್ಲು ಕಾದು ಮೊಣಕೈ ಸುಡುತ್ತದೆ. ಹಾಗಾಗಿ ಇಲ್ಲಿ ಹರಟೆಗೂ ಮಳೆಗಾಲವೇ ಹಂಗಾಮು, ಬೂಷ್ಟಿಗೂ ಮಳೆಗಾಲವೇ ಹಂಗಾಮು.

ಬಾಜೂ ಮನೆಯ ಕಾಕಾನಿಗೆ ನನ್ನ ಮೇಲೆ ಮೊದಲಿಂದಲೂ ಗುಮಾನಿ. ರಿಟೈರಾದ ಮಾಸ್ತರ ಪೇಪರು ಓದಿಕೊಂಡು ಕೂಡುವುದು ಬಿಟ್ಟು ಸಗಣಿ, ಜಾಲಿಯ ತೊಗಟೆ, ಕೊಳೆತ ತೊಗರಿ ಕಟ್ಟಿಗೆ ತಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡುತ್ತಾನೆಂದರೆ ಯಾರಿಗಾದರೂ ಅನುಮಾನ ಬರುವುದೇ.

“ಏನ್ ಮಾಸ್ತರ್, ಮತ್ತ ಬೂಷ್ಟ್ ಸಾಕ್ಲಾಕತ್ತೀರೇನು?”

“ಸಾಕ್ಲಾಕತ್ತಿಲ್ರಿ ಕಾಕಾ, ಎಣಿಸ್ಲಾಕತ್ತೀನಿ.”

“2021ಕ್ಕ ಆಗಬೇಕಾದ ಮಂದಿ ಎಣಿಕಿನೇ ಟೈಮಿಗಿ ಆಗ್ಲಿಲ್ಲ. ನೀವು ಬೂಷ್ಟ್ ಎಣಿಸ್ಲಾಕ ಹೊಂಟೀರಿ!”

ಕಾಕಾ ಹೇಳಿದ್ದರಲ್ಲಿ ಹುರುಳಿದೆ. ಜಗತ್ತಿನ ಶಿಲೀಂಧ್ರಗಳ ಲೆಕ್ಕ ಇನ್ನೂ ಅಂದಾಜಿನ ಮೇಲೇ ನಿಂತಿದೆ. 1991ರಲ್ಲಿ ಡೇವಿಡ್ ಹಾಕ್ಸ್‌ವರ್ತ್ ಎಂಬ ಬ್ರಿಟಿಷ್ ವಿಜ್ಞಾನಿ 15 ಲಕ್ಷ ಜಾತಿ ಇರಬಹುದು ಎಂದ. ಅದೇ ಮನುಷ್ಯ 2017ರಲ್ಲಿ ಲೂಕಿಂಗ್ ಎಂಬ ಇನ್ನೊಬ್ಬರ ಜೊತೆ ಕೂತು ಲೆಕ್ಕ ಹಾಕಿ, 22ರಿಂದ 38 ಲಕ್ಷ ಅಂದ. ಇದರಲ್ಲಿ ಹೆಸರಿಟ್ಟು ದಾಖಲು ಮಾಡಿರುವುದು ಒಂದೂವರೆ ಲಕ್ಷದ ಆಸುಪಾಸು. ನಮ್ಮ ದೇಶದ ಯಾದಿಯನ್ನು ಬಟ್ಲರ್ ಮತ್ತು ಬಿಸ್ಬಿ ಎಂಬ ಇಬ್ಬರು 1931ರಲ್ಲಿ ಮೊದಲು ಪುಸ್ತಕ ಮಾಡಿದರು. 2005ರ ಹೊತ್ತಿಗೆ ಅದು 27 ಸಾವಿರ ಮುಟ್ಟಿತ್ತು. ಆ ಲೆಕ್ಕ ಬರೆದವರಲ್ಲಿ ಒಬ್ಬರು ನಮ್ಮ ಪಕ್ಕದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಮನೋಹರಾಚಾರಿ.

ನನ್ನ ತಕರಾರು ಸಂಖ್ಯೆಯದಲ್ಲ. ಎಣಿಸುವವರೆಲ್ಲ ಎಲ್ಲಿಗೆ ಹೋಗುತ್ತಾರೆ ಎಂಬುದು. ಕರ್ನಾಟಕದಲ್ಲಿ ಬೂಷ್ಟೆಂದರೆ ಮಲೆನಾಡು ಎಂದು ಎಲ್ಲರೂ ಒಪ್ಪಿಬಿಟ್ಟಿದ್ದಾರೆ. 1908ರಲ್ಲಿ ಮೈಸೂರು ಸರ್ಕಾರಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಬರೆದರು. ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್ ಮತ್ತು ಕಾವೇರಿಯಪ್ಪನವರು ಘಟ್ಟದ ಹಳ್ಳಗಳಲ್ಲಿ ಎಲೆ ಕೊಳೆಸುವ ನೀರ ಶಿಲೀಂಧ್ರಗಳನ್ನು ಹುಡುಕಿದರು. ಗೋವಾ ವಿಶ್ವವಿದ್ಯಾಲಯದ ಡಿ. ಜಯರಾಮ ಭಟ್ಟರು ಪಶ್ಚಿಮ ಘಟ್ಟದ ಸೂಕ್ಷ್ಮ ಶಿಲೀಂಧ್ರಗಳ ಮೇಲೆ 2010ರಲ್ಲಿ ಇಡೀ ಪುಸ್ತಕವನ್ನೇ ತಂದರು. ಎಲ್ಲ ದೊಡ್ಡ ಕೆಲಸವೇ, ತೆಗೆದುಹಾಕುವ ಮಾತಿಲ್ಲ. ಆದರೆ ಆಗುಂಬೆಗೆ ಹೋಗುವ ಉತ್ಸಾಹದಲ್ಲಿ ಕಾಲು ಭಾಗ ಇಟ್ಟುಕೊಂಡು ಯಾರಾದರೂ ವಾಡಿ ಜಂಕ್ಷನ್ನಿನಲ್ಲಿ ಇಳಿಯಬಾರದೆ?

“ಇಲ್ಲೇನ್ ಅದರಿ ಇಳೀಲಾಕ? ಕಲ್ಲು, ಸಿಮೆಂಟು, ಬಿಸಿಲು.”

ಇದು ಕಾಕಾನ ಮಾತು. ಊರೆಲ್ಲ ಹೇಳುವುದೂ ಇದೇ. ಅದಕ್ಕೇ ನಾನು ಕಾಕಾನಿಗೆ ಸಗಣಿ ತೋರಿಸಿದೆ. ಅವರದೇ ಎಮ್ಮೆಯದು, ಹೊರಗಿನದಲ್ಲ. ಹಸಿ ಸಗಣಿಯ ಒಂದು ಹೆಂಟೆ ಡಬ್ಬಿಯಲ್ಲಿಟ್ಟು, ಒಳಗೆ ಒದ್ದೆ ಕಾಗದ ಹಾಸಿ, ಮುಚ್ಚಳ ಮುಚ್ಚಿ ಕಿಟಕಿಯ ಹತ್ತಿರ ಇಟ್ಟರೆ ವಾರದೊಳಗೆ ಪೈಲೋಬೋಲಸ್ ಏಳುತ್ತದೆ. ಬರಿಗಣ್ಣಿಗೇ ಕಾಣುತ್ತದೆ. ಗಾಜಿನಷ್ಟು ಪಾರದರ್ಶಕವಾದ ದಂಟು, ಅದರ ತುದಿ ಉಬ್ಬಿ ನೀರು ತುಂಬಿಕೊಂಡಿರುತ್ತದೆ, ಆ ಉಬ್ಬಿನ ನೆತ್ತಿಯ ಮೇಲೊಂದು ಕರಿ ಟೊಪ್ಪಿಗೆ. ದಂಟಿನ ಮೈತುಂಬ ಬೆವರಿನಂಥ ಹನಿ. ಎಲ್ಲವೂ ಕಿಟಕಿಯ ಕಡೆಗೇ ಬಾಗಿ ನಿಂತಿರುತ್ತವೆ. ಹೊತ್ತು ಏರಿದಂತೆ ಒಳಗಿನ ನೀರಿನ ಒತ್ತಡಕ್ಕೆ ಉಬ್ಬು ಒಡೆದು ಆ ಕರಿ ಟೊಪ್ಪಿಗೆಯನ್ನು ಬೆಳಕಿನ ದಿಕ್ಕಿಗೆ ಹಾರಿಸುತ್ತದೆ. ಬಯಲಾದರೆ ಎರಡು ಮೀಟರ್ ದೂರದವರೆಗೆ. ಡಬ್ಬಿಯಾದರೆ ಮುಚ್ಚಳಕ್ಕೆ ಬಡಿದು ಕರಿ ಚುಕ್ಕೆಯಾಗಿ ಅಂಟುತ್ತದೆ. ಹೊಲದಲ್ಲಿ ಹುಲ್ಲಿನ ಎಸಳಿಗೆ ಅಂಟಬೇಕೆಂಬುದು ಅದರ ಹಂಚಿಕೆ. ಎಮ್ಮೆ ತಾನು ಸಗಣಿ ಹಾಕಿದ ಜಾಗದ ಹುಲ್ಲು ಮೇಯುವುದಿಲ್ಲವಲ್ಲ, ಅದಕ್ಕೇ ದೂರ ಹಾರುವುದು. ಹುಲ್ಲಿನ ಜೊತೆ ಹೊಟ್ಟೆಗಿಳಿದು, ಜೀರ್ಣವಾಗದೆ ಹೊರಗೆ ಬಂದು, ಮತ್ತೆ ಸಗಣಿಯಲ್ಲಿ ಏಳುತ್ತದೆ.

ಕಾಕಾ ಕನ್ನಡಕ ಏರಿಸಿ ಮುಚ್ಚಳದ ಕರಿ ಚುಕ್ಕೆಗಳನ್ನು ನೋಡಿ, “ಎಮ್ಮಿ ನಂದು, ಹಾಲೂ ನಂದು. ಇದು ಮಾತ್ರ ನಿಮ್ಮದು ಇಟ್ಕೋರಿ” ಎಂದರು. ಆದರೆ ಮರುದಿನ ಬೆಳಿಗ್ಗೆ ಹಾರುವ ಹೊತ್ತಿಗೆ ಸರಿಯಾಗಿ ಫರಸಿ ಹತ್ತಿರ ಬಂದು ನಿಂತಿದ್ದರು.

ಲೋಳೆ ಬೂಷ್ಟಿನ ಕಥೆ ಬೇರೆ. ಅದನ್ನು ಬೂಷ್ಟೆಂದು ಕರೆದರೂ ಅದು ಶಿಲೀಂಧ್ರದ ಕುಲಕ್ಕೆ ಸೇರಿದ್ದಲ್ಲ, ಅಮೀಬಾಗಳ ಬಳಗದ್ದು. ಮಳೆ ಹಿಡಿದ ಮೇಲೆ ತಿಪ್ಪೆಯಲ್ಲಿ, ಕೊಳೆತ ಕಣಕಿಯ ಮೇಲೆ ರಾತ್ರೋರಾತ್ರಿ ಅರಿಶಿನ ಬಣ್ಣದ ನೊರೆ ಕಾಣಿಸುತ್ತದಲ್ಲ, ಅದೇ ಫುಲಿಗೋ. ನಮ್ಮ ಚಿಗವ್ವ, ಅಂದರೆ ಕಾಕಾನ ಮನೆಯವರು, ತಿಪ್ಪೆಗೆ ಯಾರೋ ಮಾಟ ಮಾಡಿಸಿದ್ದಾರೆಂದು ಅದರ ಮೇಲೆ ಬೂದಿ ಸುರಿದಿದ್ದರು. ಇಂಗ್ಲಿಷಿನವರು ಅದಕ್ಕೆ ನಾಯಿ ವಾಂತಿ ಎಂದು ಹೆಸರಿಟ್ಟಿದ್ದಾರೆಂದು ಹೇಳಿದಾಗ ಚಿಗವ್ವನ ಭಯ ಹೋಯಿತು, ಅಸಹ್ಯ ಉಳಿಯಿತು.

ಅದು ಇಡಿಯಾಗಿ ಒಂದೇ ಜೀವಕೋಶ, ಒಳಗೆ ಲೆಕ್ಕವಿಲ್ಲದಷ್ಟು ಕೋಶಕೇಂದ್ರಗಳು. ಬ್ಯಾಕ್ಟೀರಿಯಾ ತಿನ್ನುತ್ತ ಗಂಟೆಗೆ ಒಂದು ಸೆಂಟಿಮೀಟರಿನಷ್ಟು ತೆವಳುತ್ತದೆ. ಒಣಗಿದರೆ ಸಾಯುವುದಿಲ್ಲ, ಗಟ್ಟಿ ಹಕ್ಕಳೆಯಾಗಿ ಮಲಗಿ ನೀರಿಗಾಗಿ ಕಾಯುತ್ತದೆ. ನಮ್ಮ ಮೇ ತಿಂಗಳ ಬಿಸಿಲು ಅದಕ್ಕೆ ದೊಡ್ಡದಲ್ಲ ಎಂಬುದಕ್ಕೇ ಇದನ್ನು ಹೇಳಿದೆ. ಇಂಥ ಲೋಳೆ ಬೂಷ್ಟುಗಳಲ್ಲಿ ಜಗತ್ತಿನಾದ್ಯಂತ ಸಾವಿರದಷ್ಟು ಜಾತಿ ಗೊತ್ತಾಗಿವೆ. ಬಹಳಷ್ಟು ಕಾಡಿನ ಕೊಳೆತ ದಿಮ್ಮಿಯ ಮೇಲಿದ್ದರೆ, ಕೆಲವು ಜೀವಂತ ಮರದ ಒಣ ತೊಗಟೆಯಲ್ಲೇ ವಾಸ. ಮಿಲಿಮೀಟರಿಗಿಂತ ಸಣ್ಣವು, ಮರದ ಕೆಳಗೆ ನಿಂತು ನೋಡಿದರೆ ಸಿಕ್ಕುವುದಿಲ್ಲ. 1933ರಲ್ಲಿ ಅಮೆರಿಕದ ಅಯೋವಾದಲ್ಲಿ ಗಿಲ್ಬರ್ಟ್ ಮತ್ತು ಮಾರ್ಟಿನ್ ಇದಕ್ಕೆ ಉಪಾಯ ಹೇಳಿದರು. ತೊಗಟೆಯ ಚೂರುಗಳನ್ನು ತಂದು, ಒದ್ದೆ ಕಾಗದ ಹಾಸಿದ ಬಟ್ಟಲಲ್ಲಿಟ್ಟು, ಒಂದು ದಿನ ನೀರಲ್ಲಿ ನೆನೆಸಿ, ನೀರು ಬಸಿದು, ಮುಚ್ಚಿ, ವಾರಗಟ್ಟಲೆ ನೋಡುತ್ತಿರುವುದು. ಮುಗಿಯಿತು. ಆಗುಂಬೆ ಬೇಡ, ಜಾಲಿ ಸಾಕು.

ಜಪಾನಿನ ನಕಗಾಕಿ ಮತ್ತವರ ಸಂಗಡಿಗರು ಈ ಲೋಳೆಗೆ ರೈಲ್ವೆ ಕೆಲಸವನ್ನೂ ಹಚ್ಚಿದ್ದಾರೆ. ಟೋಕಿಯೋ ಸುತ್ತಲ ಊರುಗಳು ಇರುವ ಕಡೆಗಳಲ್ಲಿ ಓಟ್ಸ್ ಚೂರುಗಳನ್ನಿಟ್ಟು ನಡುವೆ ಫೈಸಾರಂ ಎಂಬ ಲೋಳೆಯನ್ನು ಬಿಟ್ಟರು. ಒಂದು ದಿನ ಚಿಲ್ಲರೆಯಲ್ಲಿ ಅದು ಎಲ್ಲ ಚೂರುಗಳಿಗೂ ನಾಳ ಹಬ್ಬಿಸಿ, ಬೇಡದ ನಾಳಗಳನ್ನು ಕಳಚಿ, ಟೋಕಿಯೋದ ನಿಜವಾದ ರೈಲು ಜಾಲಕ್ಕೆ ಹೋಲುವ ಜಾಲವನ್ನೇ ಹಾಕಿಬಿಟ್ಟಿತು. 2010ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಬಂತು. ಕಾಕಾನ ಯೌವನವೆಲ್ಲ ವಾಡಿ ಪ್ಲಾಟ್‌ಫಾರ್ಮಿನಲ್ಲಿ ಕಳೆದದ್ದು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ವಾಡಿ ಮುಟ್ಟಿದ್ದನ್ನು ಅವರು ತಾವೇ ಹಳಿ ಹಾಕಿದಂತೆ ಹೇಳುತ್ತಾರೆ. ಅವರ ಕಿವಿ ನೆಟ್ಟಗಾಯಿತು.

“ಹಂಗಾರ ಒಂದ್ ಕೆಲಸ ಮಾಡ್ರಿ ಮಾಸ್ತರ್. ವಾಡಿಗಿ ಒಂದ್ ಕಾಳ್, ಚಿತ್ತಾಪುರಕ್ ಒಂದ್ ಕಾಳ್, ಮಳಖೇಡಕ್ ಒಂದು, ಸೇಡಂಗ ಒಂದು ಇಡ್ರಿ. ಚಿಂಚೋಳಿಗೂ ಒಂದ್ ಇಡ್ರಿ ಮತ್ತ. ಸರ್ಕಾರ ಅಂತೂ ಹಾಕ್ಲಿಲ್ಲ, ಬೂಷ್ಟಾದ್ರೂ ಅಲ್ಲಿಗಿ ಲೈನ್ ಹಾಕ್ಲಿ!”

ಕಾಕಾ ಬೂಷ್ಟಿನ ವಿಷಯದಲ್ಲಿ ಅನಕ್ಷರಸ್ಥರೇನಲ್ಲ. ಅವರಪ್ಪನ ಕಾಲದ ಹಗೇವಿನ ಕಥೆ ಹೇಳಿದ್ದು ಅವರೇ. ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚಿಬಿಟ್ಟರೆ ಒಳಗಿನ ಗಾಳಿ ತೀರಿ ಬೂಷ್ಟೂ ಬೆಳೆಯದು, ಹುಳವೂ ಬದುಕದು. ತೆರೆಯುವಾಗ ಮೊದಲು ಕಂದೀಲು ಇಳಿಬಿಡಬೇಕು. ದೀಪ ಆರಿದರೆ ಆಳು ಇಳಿಯಬಾರದು. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಅಲ್ಲಿ ಕೂತಿರುತ್ತದೆ. ಇದೆಲ್ಲ ನನ್ನ ಪುಸ್ತಕದಲ್ಲಿ ಇತ್ತು, ಅವರ ಮನೆಯ ಅಂಗಳದಲ್ಲೂ ಇತ್ತು.

ಇನ್ನು ನೆಟೆ ರೋಗದ ಮಾತು ಬಂದರೆ ಕಾಕಾನ ನಗು ನಿಲ್ಲುತ್ತದೆ. 2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿದ್ದನ್ನು ಇಲ್ಲಿ ಮರೆತವರಿಲ್ಲ. ಹೂವಾಗಿ, ಕಾಯಿ ಕಟ್ಟುವ ಹೊತ್ತಿಗೆ ಗಿಡ ಬಾಡುತ್ತದೆ. ದಂಟಿನ ಬುಡದಿಂದ ನೇರಳೆ ಪಟ್ಟೆ ಮೇಲೇರಿರುತ್ತದೆ. ದಂಟು ಸೀಳಿದರೆ ಒಳಗೆ ಕರಿ ಗೀರು. ಬೇರಿನಿಂದ ಹೊಕ್ಕು ನೀರಿನ ನಾಳಗಳಲ್ಲೇ ಬೆಳೆದು ದಾರಿ ಕಟ್ಟುವ ಫ್ಯುಜೇರಿಯಂ ಯುಡಂ ಎಂಬ ಸೂಕ್ಷ್ಮ ಶಿಲೀಂಧ್ರದ ಕೆಲಸ ಅದು. 1910ರಲ್ಲಿ ಅದಕ್ಕೆ ಹೆಸರಿಟ್ಟದ್ದೂ ಮೇಲೆ ಹೇಳಿದ ಬಟ್ಲರೇ, ಬಿಹಾರದ ಪೂಸಾದಲ್ಲಿದ್ದಾಗ. ಬೆಳೆ ಕಿತ್ತ ಮೇಲೂ ಕೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆಯಿಂದ ಬಂದು 1986ರಲ್ಲಿ ಬಿಡುಗಡೆಯಾದ ‘ಮಾರುತಿ’ ತಳಿ ಈ ರೋಗಕ್ಕೆ ಜಗ್ಗದೆ ನಿಂತಿತು, ಈ ಭಾಗದಲ್ಲೆಲ್ಲ ಹಬ್ಬಿತು. ಆದರೆ ಅದಕ್ಕೆ ಗೊಡ್ಡು ರೋಗ ಬರುತ್ತದೆ. ಅದು ನುಸಿ ಹೊತ್ತು ತರುವ ವೈರಸ್ಸು. ಒಂದರಿಂದ ತಪ್ಪಿಸಿಕೊಂಡರೆ ಇನ್ನೊಂದು.

“ನಮ್ಮಪ್ಪ ತೊಗರಿ ಜೋಡಿ ಜೋಳದ ಅಕ್ಕಡಿ ಹಾಕ್ತಿದ್ದ. ನಮಗ ದುಡ್ಡಿನ ಆಸಿ, ಬರೇ ತೊಗರಿ ಹಾಕಿದೆವು” ಎಂದರು ಕಾಕಾ. ಜೋಳದ ಜೊತೆ ಬೆಳೆದ ತೊಗರಿಗೆ ನೆಟೆ ಕಡಿಮೆ ಎಂಬುದನ್ನು ಇಕ್ರಿಸ್ಯಾಟಿನ ಪ್ರಯೋಗಗಳೂ ತೋರಿಸಿವೆ. ಬೀಜಕ್ಕೆ ಹಚ್ಚುವ ಹಸಿರು ಪುಡಿ ಟ್ರೈಕೋಡರ್ಮ ಇದೆಯಲ್ಲ, ಅದೂ ಬೂಷ್ಟೇ. ಬೂಷ್ಟನ್ನು ತಿನ್ನುವ ಬೂಷ್ಟು. ಮಣ್ಣಿನಲ್ಲಿ ಯಾವುದು ಎಷ್ಟಿದೆ ಎಂದು ನೋಡುವುದು ಹೊಟ್ಟೆ ತುಂಬಿದವರ ಹವ್ಯಾಸ ಎಂದುಕೊಂಡವರಿಗೆ ನೆಟೆ ಹಿಡಿದ ಒಂದು ಹೊಲ ತೋರಿಸಿದರೆ ಸಾಕು.

ಬೇವಿನ ಟೊಂಗೆಗಳ ತುದಿ ಕಂದಾಗಿ ಒಣಗುವುದನ್ನು ಎಲ್ಲರೂ ನೋಡಿದ್ದೇವೆ. ಆ ರೋಗದ ಫೋಮಾಪ್ಸಿಸ್ ಶಿಲೀಂಧ್ರವನ್ನು ಹೊಸ ಜಾತಿ ಎಂದು 1997ರಲ್ಲಿ ವರ್ಣಿಸಿದವರು ಮೈಸೂರಿನವರು. ಬೇವು ನಮ್ಮಲ್ಲೇನು ಕಡಿಮೆ ಇತ್ತೆ?

ಮೊಣಕೈ ಊರಿದ ಫರಸಿಯನ್ನೇ ನೋಡಿ. ಅದರ ಮೇಲಿನ ಬೂದು, ಕಿತ್ತಳೆ ಬಣ್ಣದ ದುಂಡು ಕಲೆಗಳು ಕಲ್ಲುಹೂವು: ಶಿಲೀಂಧ್ರ ಮತ್ತು ಪಾಚಿಯ ಕೂಡುಸಂಸಾರ. ಇವು ಬಹಳ ನಿಧಾನ ಬೆಳೆಯುತ್ತವೆ, ಕಲ್ಲು ಯಾವಾಗ ಬಯಲಿಗೆ ಬಂತೆಂದು ಕಲೆಯ ಅಗಲ ಅಳೆದು ಹೇಳುವ ವಿದ್ಯೆಯೇ ಇದೆ. ಈ ಸಾಲು ನೆಟ್ಟದ್ದು ಕಾಕಾನ ಮದುವೆಯ ವರ್ಷ. ಅಳತೆಪಟ್ಟಿ ಹಿಡಿದರೆ ನಮ್ಮ ಬಿಸಿಲಲ್ಲಿ ಅವು ಎಷ್ಟು ಬೆಳೆಯುತ್ತವೆಂಬ ಲೆಕ್ಕ ಸಿಕ್ಕುತ್ತದೆ. ಸಿಮೆಂಟಿನ ಧೂಳು ಕೂತಲ್ಲಿ ಮರದ ತೊಗಟೆ ಹುಳಿ ಗುಣ ಬಿಟ್ಟು ಕ್ಷಾರವಾಗುತ್ತದೆ. ಎಸ್ಟೋನಿಯಾದ ಕುಂಡಾ ಎಂಬ ಸಿಮೆಂಟ್ ಊರಿನಲ್ಲಿ, ಸುಣ್ಣದ ಕಲ್ಲಿನ ಮೇಲಿರಬೇಕಾದ ಕಲ್ಲುಹೂವುಗಳು ಮರ ಹತ್ತಿದ್ದವು. ವಾಡಿ, ಶಹಾಬಾದಿನ ಬೇವಿನ ತೊಗಟೆ, ಚಿಂಚೋಳಿ ಕಾಡಿನ ತೊಗಟೆ ಎರಡನ್ನೂ ಅಕ್ಕಪಕ್ಕದ ಡಬ್ಬಿಯಲ್ಲಿಟ್ಟರೆ ಒಂದು ಒಳ್ಳೆಯ ಎಂ.ಎಸ್ಸಿ. ಪ್ರಬಂಧ ಎದ್ದು ಕೂಡುತ್ತದೆ.

ಚಿಂಚೋಳಿಯದು 2011ರಲ್ಲಿ ವನ್ಯಧಾಮವಾದ 134.88 ಚದರ ಕಿಲೋಮೀಟರ್ ಒಣ ಕಾಡು. ಸಾಗವಾನಿ ಇದೆ, ರಕ್ತಚಂದನ ಇದೆ, ಚಂದ್ರಂಪಳ್ಳಿಯ ಕೆರೆಯಂಥ ಜಲಾಶಯ ಇದೆ. ಎತ್ತಿಪೋತ ಜಲಪಾತದ ಬುಡದ ನೊರೆಯನ್ನು ಮಂದಿ ಸೆಲ್ಫಿಗೆ ಬಳಸುತ್ತಾರೆ. ಇಂಥ ನೊರೆಯಲ್ಲೇ ನೀರ ಶಿಲೀಂಧ್ರಗಳ ಬೀಜಕಣ ಸಿಕ್ಕಿಕೊಳ್ಳುವುದು, ನಾಲ್ಕು ಕೈ ಚಾಚಿದ ಆಕಾರದವು. ಇಂಗ್ಲೆಂಡಿನ ಇಂಗೋಲ್ಡ್ 1942ರಲ್ಲಿ ಹಳ್ಳದ ಕೊಳೆತ ಎಲೆಯಿಂದ ಶುರು ಮಾಡಿದ ವಿದ್ಯೆ ಅದು. ಕಾಡಿನ ಮಣ್ಣು, ಸಗಣಿಯಲ್ಲಿ ಇನ್ನೊಂದು ಬಗೆಯ ಲೋಳೆಯಿದೆ. ಹಸಿವಾದಾಗ ಸಾವಿರಾರು ಅಮೀಬಾಗಳು ಒಟ್ಟು ಸೇರಿ ಒಂದು ಕಂಬ ಕಟ್ಟುತ್ತವೆ. ಕಂಬವಾದವು ಸಾಯುತ್ತವೆ, ಮೇಲೆ ಹತ್ತಿದವು ಬೀಜವಾಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾನಂದ ನಂಜುಂಡಯ್ಯನವರ ತಂಡ ಮುದುಮಲೈ ಕಾಡಿನ ಮಣ್ಣು, ಸಗಣಿಯಿಂದ ಇವನ್ನು ತೆಗೆದು, ಒಂದೇ ಕಂಬದಲ್ಲಿ ಬೇರೆಬೇರೆ ವಂಶದವು ಕೂಡಿರುತ್ತವೆಂದು 2010ರಲ್ಲಿ ತೋರಿಸಿತು.

“ಇದು ನಮ್ ಇಲೆಕ್ಷನ್ ಅಲ್ಲೇನ್ರೀ?” ಎಂದರು ಕಾಕಾ. ನಾನು ಉತ್ತರ ಕೊಡಲಿಲ್ಲ.

ಸೇಡಂ, ಚಿತ್ತಾಪುರ, ಚಿಂಚೋಳಿಯ ಕಾಲೇಜುಗಳಲ್ಲಿ ಜೀವಶಾಸ್ತ್ರ ಓದುವ ಮಕ್ಕಳಿಗೆ ನನ್ನದೊಂದು ಅರಿಕೆ. ಮೃಗಶಿರದ ಮಳೆ ಬಿದ್ದ ಮೇಲೆ ನಿಮ್ಮೂರ ಜಾಲಿಯ, ಬೇವಿನ ತೊಗಟೆ ಒಂದು ಹಿಡಿ ತೆಗೆದಿಡಿ. ಮರವನ್ನು ಕೆತ್ತಬೇಡಿ, ತಾನೇ ಉದುರುವಷ್ಟು ಸಾಕು. ವನ್ಯಧಾಮದೊಳಗಿನದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ತನ್ನಿ. ಲಕೋಟೆಯ ಮೇಲೆ ಊರು, ಮರ, ತಾರೀಖು ಮೂರನ್ನೂ ಅಲ್ಲಿಯೇ ನಿಂತು ಬರೆಯಿರಿ. ಅದು ಇಲ್ಲದಿದ್ದರೆ ಒಳಗೆ ಎಂಥ ಅಪರೂಪದ ಜಾತಿ ಎದ್ದರೂ ಯಾವ ಯಾದಿಗೂ ಸೇರುವುದಿಲ್ಲ.