ಸೀನಿಯರ್ ಆದ ತಮ್ಮ-ತಂಗಿಯರಿಗೆ ಹೂಲಿಯಿಂದ ಒಂದು ಬಹಿರಂಗ ಪತ್ರ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಿಂದ ಹೋಗಿ ಬೆಂಗಳೂರು, ಪುಣೆ, ಹೈದರಾಬಾದಿನ ಕಂಪನಿಗಳಲ್ಲಿ ಸೀನಿಯರ್ ಡೆವಲಪರ್ ಆಗಿರುವ ತಮ್ಮಂದಿರೇ, ತಂಗಿಯರೇ,

ಬಡ್ತಿಯ ಸುದ್ದಿ ಊರಿಗೆ ಮುಟ್ಟಿದೆ, ಮನೆಯವರು ಪೇಢೆ ಹಂಚಿದ್ದಾರೆ. ಪಗಾರ ಹೆಚ್ಚಿದ್ದು ಅವರಿಗೆ ಗೊತ್ತು. ಕೆಲಸ ಎಷ್ಟು ಬದಲಾಯಿತು ಎಂಬುದು ಬಹುಶಃ ನಿಮಗೂ ಇನ್ನೂ ಪೂರ್ತಿ ತಿಳಿದಿರಲಿಕ್ಕಿಲ್ಲ. ಇದೇ ದಾರಿಯಲ್ಲಿ ನಿಮಗಿಂತ ಮೊದಲು ನಡೆದವನಾಗಿ ಬರೆಯುತ್ತಿದ್ದೇನೆ.

ಇಲ್ಲಿಯವರೆಗೆ ನೀವು ಎಷ್ಟು ಕೋಡ್ ಬರೆದಿರಿ, ಎಷ್ಟು ಬೇಗ ಮುಗಿಸಿದಿರಿ ಎಂದು ನೋಡುತ್ತಿದ್ದರು. ಇನ್ನು ಮುಂದೆ ದಿನದ ಬಹುಪಾಲು ಬೇರೆಯವರ ಕೋಡ್ ಓದುವುದರಲ್ಲಿ, ರಿವ್ಯೂ ಮಾಡುವುದರಲ್ಲಿ, ‘ಇದು ಖರೇನ ಬೇಕಾ?’ ಎಂದು ಕೇಳುವುದರಲ್ಲಿ ಕಳೆಯುತ್ತದೆ. ಮೊದಮೊದಲು ಸಂಜೆಯಾದರೆ ಏನೂ ಮಾಡಲಿಲ್ಲವಲ್ಲ ಎಂದು ಜೀವ ಚಡಪಡಿಸುತ್ತದೆ. ಆದರೆ ಬೇಡದ್ದನ್ನು ತಡೆದದ್ದೂ ಕೆಲಸ, ಹಳೆಯದನ್ನು ಅಳಿಸಿದ್ದೂ ಕೆಲಸ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ವರ್ಷಗಟ್ಟಲೆ ಬಳಸದಿದ್ದರೂ ಯಾರೂ ತೆಗೆಯದೆ ಬಿಟ್ಟಿದ್ದ ಹಳೆಯ ಕೋಡ್ ಆ ಒಂದು ಸರ್ವರ್‌ನಲ್ಲಿ ಮತ್ತೆ ಓಡತೊಡಗಿತು. ಸುಮಾರು 45 ನಿಮಿಷಗಳಲ್ಲಿ ಆದ ನಷ್ಟ 44 ಕೋಟಿ ಡಾಲರ್‌ಗೂ ಹೆಚ್ಚು. ಸತ್ತ ಕೋಡ್ ಅಳಿಸಲು ಎರಡು ದಿನ ಬೇಕು ಎಂದು ಮ್ಯಾನೇಜರ್ ಮುಂದೆ ಪಟ್ಟು ಹಿಡಿದು ಕೇಳುವ ಅಧಿಕಾರ ಈಗ ನಿಮಗಿದೆ. ಕೇಳಿ.

ನಿಮ್ಮ ಕೈಕೆಳಗಿನ ಹುಡುಗನೋ ಹುಡುಗಿಯೋ ಒಂದು ದಿನ ಪ್ರೊಡಕ್ಷನ್ ಕೆಡಿಸುತ್ತಾರೆ. ಇದು ಆಗಿಯೇ ಆಗುತ್ತದೆ. ಆಗ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಇಡೀ ತಂಡದ ಸ್ವಭಾವ ನಿಲ್ಲುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡಿಲೀಟ್ ಕಮಾಂಡ್ ಕೊಟ್ಟು ಸುಮಾರು 300 ಜಿಬಿ ಡೇಟಾ ಅಳಿಸಿಬಿಟ್ಟರು. ಐದು ಬಗೆಯ ಬ್ಯಾಕಪ್‌ ವ್ಯವಸ್ಥೆಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಆರು ತಾಸು ಹಿಂದಿನ ಪ್ರತಿ. ಆ ಸಂಸ್ಥೆ ಒಬ್ಬನನ್ನು ಬಲಿ ಕೊಡಲಿಲ್ಲ. ರಿಪೇರಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು, ಬ್ಯಾಕಪ್‌ಗಳು ಏಕೆ ಕೈಕೊಟ್ಟವು ಎಂಬುದನ್ನು ಬರೆದು ಪ್ರಕಟಿಸಿತು. ಕಮಾಂಡ್ ಒತ್ತಿದ ಬೆರಳು ಯಾರದು ಎಂದು ಹುಡುಕುವವರು ಎಲ್ಲ ಆಫೀಸಿನಲ್ಲೂ ಸಿಗುತ್ತಾರೆ. ಒಂದು ಬೆರಳಿಗೆ ಅಷ್ಟೆಲ್ಲ ಅಳಿಸಲು ಹೇಗೆ ಸಾಧ್ಯವಾಯಿತು ಎಂದು ಕೇಳುವವರು ಸೀನಿಯರ್.

ಇನ್ನೊಂದು, ಬರೆದಿಡುವ ಮಾತು. ಹೂಲಿಗೆ ಬಂದವರೆಲ್ಲ ಪಂಚಲಿಂಗೇಶ್ವರ ಗುಡಿ ನೋಡುತ್ತಾರೆ, ಶಾಸನಗಳ ಮುಂದೆ ನಿಲ್ಲುವವರು ಕಡಿಮೆ. ಈ ಊರು ಪೂಲಿ ಎನ್ನಿಸಿಕೊಂಡು ಸಾವಿರ ಮಹಾಜನರ ಅಗ್ರಹಾರವಾಗಿದ್ದ 11-12ನೇ ಶತಮಾನದ ಬರಹ ಅಲ್ಲಿದೆ. ದಾನಶಾಸನದಲ್ಲಿ ಸಾಮಾನ್ಯವಾಗಿ ಕೊಟ್ಟವರು ಯಾರು, ಯಾವ ದಿನ, ಯಾವ ಉದ್ದೇಶಕ್ಕೆ, ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದೆಲ್ಲ ಇರುತ್ತದೆ. ಕಟ್ಟಿದವರು ಹೋದ ಮೇಲೂ ಕಾರಣ ಉಳಿಯಬೇಕು ಎಂಬ ಎಚ್ಚರ ಅದು. ನಮ್ಮ ಕಸುಬಿನಲ್ಲಿ ಈ ಎಚ್ಚರ ತೀರ ಕಡಿಮೆ. ಕೋಡ್ ಹೇಗೆ ನಡೆಯುತ್ತದೆ ಎಂಬುದನ್ನು ಓದಿ ತಿಳಿಯಬಹುದು. ಈ ದಾರಿಯನ್ನೇ ಏಕೆ ಹಿಡಿದಿರಿ, ಯಾವುದನ್ನು ಏಕೆ ಬಿಟ್ಟಿರಿ ಎಂಬುದು ನಿಮ್ಮ ತಲೆಯಲ್ಲಷ್ಟೇ ಇರುತ್ತದೆ. ನೀವು ಕಂಪನಿ ಬಿಟ್ಟ ದಿನ ಅದೂ ಹೊರಟುಹೋಗುತ್ತದೆ. ಒಂದು ಪುಟ ಸಾಕು, ಬರೆದಿಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಇದು. ನಮ್ಮ ಕಡೆಯ ಮಕ್ಕಳಲ್ಲಿ ಅನೇಕರು ಕನ್ನಡ ಮಾಧ್ಯಮದವರು. ಮೀಟಿಂಗ್‌ನಲ್ಲಿ ಅವರು ಸುಮ್ಮನಿರುವುದು ತಿಳಿಯದೆ ಅಲ್ಲ, ಇಂಗ್ಲಿಷ್ ತಪ್ಪೀತೆಂಬ ಅಂಜಿಕೆಗೆ. ಆ ಮೌನದಲ್ಲಿ ಎಷ್ಟೋ ಬಗ್‌ಗಳು ಪ್ರೊಡಕ್ಷನ್‌ಗೆ ದಾಟುತ್ತವೆ. ಎಲ್ಲರ ಎದುರು ಸೀನಿಯರ್ ಒಬ್ಬರು ‘ಇದು ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ’ ಎಂದರೆ ಮೂಲೆಯಲ್ಲಿ ಸುಮ್ಮನೆ ಕುಳಿತ ಹುಡುಗಿಗೂ ಬಾಯಿ ಬರುತ್ತದೆ. ಬೇಕಾದರೆ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕನ್ನಡದಲ್ಲೇ ವಿವರಿಸಿ. ಕ್ಯಾಶೆ, ಥ್ರೆಡ್, ಡೆಡ್‌ಲಾಕ್ ಎಲ್ಲವನ್ನೂ ಕನ್ನಡದಲ್ಲಿ ಚೆನ್ನಾಗಿಯೇ ಹೇಳಬಹುದು. ನಾನು ದಿನವೂ ಹೇಳುತ್ತಿದ್ದೇನೆ.

ಬನದ ಹುಣ್ಣಿಮೆಗೆ ನಿಮ್ಮಲ್ಲಿ ಎಷ್ಟೋ ಜನ ರಜೆ ಹಾಕಿ ಎಲ್ಲಮ್ಮನ ಗುಡ್ಡಕ್ಕೆ ಬರುತ್ತೀರಿ. ಈ ಸಲ ಬಂದಾಗ ಇನ್ನೊಂದು ದಿನ ಉಳಿಯಿರಿ. ಲ್ಯಾಪ್‌ಟಾಪ್ ಹಿಡಿದು ನೀವು ಕಲಿತ ಕಾಲೇಜಿಗೆ ಹೋಗಿ, ಕೊನೆಯ ವರ್ಷದ ಮಕ್ಕಳ ನಡುವೆ ಕುಳಿತು ಅವರ ಪ್ರಾಜೆಕ್ಟ್ ಕೋಡನ್ನು ಸಾಲು ಸಾಲಾಗಿ ರಿವ್ಯೂ ಮಾಡಿಕೊಡಿ.

ಇಂತಿ ನಿಮ್ಮ,
ಹೂಲಿಯ ಡೆವಲಪರ್ ಅಣ್ಣ