ಕೋಚ್ ದನಿ ನಿಂತ ಮೇಲಿನ 15 ಸೆಕೆಂಡು
(ಎನ್‌ಎಫ್‌ಎಲ್ ಸ್ಕೌಟ್‌ಗಳಿಗೆ ಒಂದು ಬಹಿರಂಗ ಪತ್ರ)

ಮಾನ್ಯ ಸ್ಕೌಟ್ ಮಹನೀಯರೇ,

ಪ್ರತಿ ವರ್ಷ ಫೆಬ್ರವರಿ ಮುಗಿಯುವ ಹೊತ್ತಿಗೆ ನೀವೆಲ್ಲ ನಮ್ಮೂರಿಗೆ ಬಂದಿಳಿಯುತ್ತೀರಿ. ಊರು ಇಂಡಿಯಾನಾಪೊಲಿಸ್. ನಾನು ಹುಟ್ಟಿದ್ದು ಮಂಡ್ಯದ ಕಡೆ, ಬದುಕು ಕಟ್ಟಿಕೊಂಡದ್ದು ಇಲ್ಲಿ. ನಮ್ಮ ಮನೆಯಲ್ಲಿ ಭಾನುವಾರದ ಆಟ ನಡೆಯುವುದು ಕನ್ನಡದಲ್ಲಿ. ಕೂಗಾಟ, ನಿಟ್ಟುಸಿರು, ವಾದ ಎಲ್ಲ ಕನ್ನಡದಲ್ಲೇ. ಹಾಗಾಗಿ ಮನಸ್ಸಿನಲ್ಲಿರುವುದನ್ನು ಈ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಹೇಳಬೇಕಾದ್ದು ಒಂದೇ ಸಂಗತಿ: ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನ ಐದು, ಆರು, ಏಳನೆಯ ಸುತ್ತಿಗೆ ನೀವು ತಳ್ಳುವ ಲೈನ್‌ಬ್ಯಾಕರ್ ಹುಡುಗರ ಬಗ್ಗೆ.

ಈ ಪತ್ರ ಓದುವ ಕನ್ನಡಿಗರಲ್ಲಿ ಅನೇಕರಿಗೆ ಲೈನ್‌ಬ್ಯಾಕರ್ ಎಂದರೆ ಯಾರು ಎಂಬುದೇ ಹೊಸದು. ಅವರಿಗಾಗಿ ಒಂದೆರಡು ಮಾತು ಹೇಳುತ್ತೇನೆ, ನೀವು ಸ್ವಲ್ಪ ತಾಳಿ. ಅಮೆರಿಕನ್ ಫುಟ್‌ಬಾಲಿನಲ್ಲಿ ರಕ್ಷಣೆಗೆ ನಿಂತ ತಂಡದ ಮುಂಚೂಣಿಯಲ್ಲಿ ದೈತ್ಯದೇಹಿಗಳು ಬಗ್ಗಿ ಕೂತಿರುತ್ತಾರೆ. ಅವರ ಬೆನ್ನ ಹಿಂದೆ ನಾಲ್ಕೈದು ಗಜ ದೂರದಲ್ಲಿ ನಿಂತವನೇ ಲೈನ್‌ಬ್ಯಾಕರ್. ಚೆಂಡು ಹೊತ್ತು ಓಡಿ ಬರುವವನನ್ನು ಕೆಡವುವುದು ಅವನ ಕೆಲಸ. ಚೆಂಡು ಗಾಳಿಯಲ್ಲಿ ಬರುವುದಾದರೆ ಹಿಂದೆ ಸರಿದು ದಾರಿ ಮುಚ್ಚುವುದೂ ಅವನದೇ ಕೆಲಸ. ಎರಡರಲ್ಲಿ ಯಾವುದು ಎಂದು ತೀರ್ಮಾನಿಸಲು ಅವನಿಗೆ ಸಿಗುವುದು ಒಂದು ಸೆಕೆಂಡಿಗಿಂತ ಕಡಿಮೆ. ಕಬಡ್ಡಿಯಲ್ಲಿ ಒಳ್ಳೆಯ ಕಾರ್ನರ್ ಆಟಗಾರ ರೇಡರ್‌ನ ಮುಖ ನೋಡುವುದಿಲ್ಲ, ಸೊಂಟ ನೋಡುತ್ತಾನೆ, ಪಾದ ನೋಡುತ್ತಾನೆ. ಲೈನ್‌ಬ್ಯಾಕರ್ ಕೂಡ ಹಾಗೆಯೇ. ಚೆಂಡಿನ ಮೇಲೆ ಕಣ್ಣಿಟ್ಟವನು ಕೆಟ್ಟ. ಎದುರಾಳಿ ಸಾಲಿನ ಗಾರ್ಡ್‌ನ ಮೊದಲ ಹೆಜ್ಜೆ ಯಾವ ಕಡೆ ಬಿತ್ತು, ಅವನು ಮುನ್ನುಗ್ಗಿದನೋ, ಪಕ್ಕಕ್ಕೆ ಸರಿದನೋ, ಎದೆ ಎತ್ತಿ ಹಿಂದೆ ಕೂತನೋ, ಅದರಲ್ಲೇ ಉತ್ತರ ಇರುತ್ತದೆ.

ಇನ್ನೊಂದು ವಿಷಯ. 2008ರಿಂದ ರಕ್ಷಣಾ ತಂಡದ ಒಬ್ಬನ ಹೆಲ್ಮೆಟ್ಟಿನಲ್ಲಿ ರೇಡಿಯೊ ಇರುತ್ತದೆ, ಗುರುತಿಗೆ ಹಿಂದೆ ಒಂದು ಹಸಿರು ಚುಕ್ಕೆ. ಸಾಮಾನ್ಯವಾಗಿ ಆ ಚುಕ್ಕೆ ಹೊತ್ತವನು ಲೈನ್‌ಬ್ಯಾಕರ್. ಕೋಚ್ ಅವನ ಕಿವಿಯಲ್ಲಿ ಮಾತಾಡುತ್ತಾರೆ. ಆದರೆ ಚೆಂಡು ಹೊರಡಲು ಗಡುವಿಡುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡು ಉಳಿದಾಗ ಆ ದನಿ ತಾನಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಅವನೊಬ್ಬನೇ. ಎದುರಾಳಿಗಳು ಜಾಗ ಬದಲಿಸುತ್ತಾರೆ, ಒಬ್ಬ ಈ ತುದಿಯಿಂದ ಆ ತುದಿಗೆ ಓಡುತ್ತಾನೆ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಏನೋ ಅರಚುತ್ತಾನೆ. ಅದನ್ನೆಲ್ಲ ಓದಿ, ಉಳಿದ ಹತ್ತು ಜನರಿಗೆ ಕೂಗಿ ಹೇಳಿ, ಕೈ ತೋರಿಸಿ, ತಾನೂ ಸರಿಯಾದ ಜಾಗದಲ್ಲಿ ನಿಲ್ಲಬೇಕು. ನಾನು ಈ ಆಟಕ್ಕೆ ಮನಸೋತದ್ದು ಆ 15 ಸೆಕೆಂಡುಗಳಿಗಾಗಿ.

ಡ್ರಾಫ್ಟಿಗೆ ಮುನ್ನ ಹುಡುಗರನ್ನು ಪರೀಕ್ಷಿಸುವ ನಮ್ಮೂರಿನ ಕಂಬೈನ್‌ನಲ್ಲಿ ನೀವು ಅಳೆಯದೆ ಬಿಡುವುದೂ ಅದನ್ನೇ. 40 ಗಜದ ಓಟ ಅಳೆಯುತ್ತೀರಿ. 225 ಪೌಂಡ್, ಅಂದರೆ ಸುಮಾರು 102 ಕಿಲೋ ಭಾರವನ್ನು ಎಷ್ಟು ಸಲ ಎತ್ತಿದ ಎಂದು ಎಣಿಸುತ್ತೀರಿ. ನಿಂತಲ್ಲಿಂದ ಎಷ್ಟು ಎತ್ತರ ಜಿಗಿದ, ಎಷ್ಟು ಉದ್ದ ಹಾರಿದ, ಮೂರು ಕೋನ್ ಸುತ್ತಿ ಎಷ್ಟು ಬೇಗ ಬಂದ, ತೋಳೆಷ್ಟು ಉದ್ದ, ಅಂಗೈ ಎಷ್ಟು ಅಗಲ, ಎಲ್ಲವನ್ನೂ ಬರೆದುಕೊಳ್ಳುತ್ತೀರಿ. ಬೇಡ ಎನ್ನುವುದಿಲ್ಲ. ಇವತ್ತಿನ ಆಟದಲ್ಲಿ ಮೂವರು ರಿಸೀವರ್‌ಗಳು ಅಗಲಕ್ಕೆ ಹರಡಿ ನಿಲ್ಲುತ್ತಾರೆ. ಬಹುಪಾಲು ಸಮಯ ಇಬ್ಬರೇ ಲೈನ್‌ಬ್ಯಾಕರ್‌ಗಳು ಮೈದಾನದಲ್ಲಿರುತ್ತಾರೆ. ವೇಗವಿಲ್ಲದವನು ಅಲ್ಲಿ ಬಯಲಾಗುತ್ತಾನೆ. ಆದರೆ ನೇರ ಗೆರೆಯಲ್ಲಿ 40 ಗಜ ಓಡುವ ಸಂದರ್ಭ ಒಂದು ಪಂದ್ಯದಲ್ಲಿ ಅವನಿಗೆ ಎಷ್ಟು ಸಲ ಬಂದೀತು? ತಪ್ಪು ದಿಕ್ಕಿಗೆ ಇಟ್ಟ ಒಂದೇ ಒಂದು ಹೆಜ್ಜೆಯನ್ನು ಯಾವ ವೇಗವೂ ಪೂರ್ತಿ ತುಂಬಿಕೊಡಲಾರದು.

2018ರ ಡ್ರಾಫ್ಟನ್ನು ನೆನೆಯಿರಿ. ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ನಡೆದದ್ದು, ಒಟ್ಟು 256 ಆಯ್ಕೆಗಳು. ಮೊದಲ ಸುತ್ತಿನಲ್ಲೇ ನಾಲ್ವರು ಲೈನ್‌ಬ್ಯಾಕರ್‌ಗಳು ಹೋದರು: ರೋಕ್ವಾನ್ ಸ್ಮಿತ್ 8ನೆಯವನಾಗಿ, ಟ್ರೆಮೇನ್ ಎಡ್ಮಂಡ್ಸ್ 16, ಲೇಟನ್ ವ್ಯಾಂಡರ್ ಎಶ್ 19, ರಶಾನ್ ಎವನ್ಸ್ 22. ಸ್ಮಿತ್ ವಿಷಯದಲ್ಲಿ ನಿಮ್ಮ ಕಣ್ಣು ತಪ್ಪಲಿಲ್ಲ, ಅವನು ನಿಜಕ್ಕೂ ಈ ಕಾಲದ ದೊಡ್ಡ ಆಟಗಾರ. ವ್ಯಾಂಡರ್ ಎಶ್ ಮೊದಲ ವರ್ಷವೇ ಮಿಂಚಿದ, ಆಮೇಲೆ ಕುತ್ತಿಗೆಯ ನೋವು ಅವನನ್ನು ಆಟದಿಂದಲೇ ಆಚೆ ಕಳಿಸಿತು. ಅದಕ್ಕೆ ಯಾರನ್ನೂ ದೂರುವಂತಿಲ್ಲ.

ಅದೇ ವರ್ಷ 200ನೆಯ ಆಯ್ಕೆಯಾಗಿ, ಆರನೆಯ ಸುತ್ತಿನಲ್ಲಿ, ಅಟ್ಲಾಂಟಾ ಫಾಲ್ಕನ್ಸ್ ತಂಡ ಫೋಯೆಸಾಡೆ ಒಲುವೊಕುನ್ ಎಂಬ ಹುಡುಗನನ್ನು ಕರೆದುಕೊಂಡಿತು. ಓದಿದ್ದು ಯೇಲ್‌ನಲ್ಲಿ. ಐವಿ ಲೀಗ್ ಕಾಲೇಜುಗಳು ಕ್ರೀಡೆಗೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ, ಅಲ್ಲಿಂದ ಎನ್‌ಎಫ್‌ಎಲ್‌ಗೆ ಬರುವವರು ಅಪರೂಪ. 2021ರಲ್ಲಿ ಅವನು 192 ಟ್ಯಾಕಲ್‌ಗಳೊಂದಿಗೆ, ಅಂದರೆ ಚೆಂಡು ಹೊತ್ತವರನ್ನು ಅಷ್ಟು ಸಲ ಕೆಡವಿ, ಇಡೀ ಲೀಗಿನಲ್ಲಿ ಮೊದಲಿಗನಾದ. ಮರುವರ್ಷ ಜಾಕ್ಸನ್‌ವಿಲ್ ಜಾಗ್ವಾರ್ಸ್ ಅವನನ್ನು ಮೂರು ವರ್ಷಕ್ಕೆ 45 ಮಿಲಿಯನ್ ಡಾಲರ್ ಕೊಟ್ಟು ಕರೆಸಿಕೊಂಡಿತು. ಅಲ್ಲಿ 184 ಟ್ಯಾಕಲ್ ಮಾಡಿ ಮತ್ತೆ ಮೊದಲಿಗನಾದ. ಅಟ್ಲಾಂಟಾದಲ್ಲಿ ಅವನು ಬಿಟ್ಟುಹೋದ ಜಾಗಕ್ಕೆ 2022ರಲ್ಲಿ ಒಂದು ವರ್ಷದ ಒಪ್ಪಂದದ ಮೇಲೆ ಬಂದವನು ಯಾರು ಗೊತ್ತೇ? ರಶಾನ್ ಎವನ್ಸ್. 22ನೆಯವನಾಗಿ ಆಯ್ಕೆಯಾದವನು 200ನೆಯವನ ಜಾಗ ತುಂಬಲು ಬಂದ. ಆ ಸುದ್ದಿ ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ನನ್ನ ಎದೆಗೆ ಇನ್ನೂ ಹತ್ತಿರವಾದ ಕತೆ ನಮ್ಮ ಕೋಲ್ಟ್ಸ್ ತಂಡದ್ದು. ಅದೇ 2018ರಲ್ಲಿ ಕೋಲ್ಟ್ಸ್ 36ನೆಯವನಾಗಿ ಡೇರಿಯಸ್ ಲೆನರ್ಡ್‌ನನ್ನು ತಂದಿತು, 235ನೆಯವನಾಗಿ, ಏಳನೆಯ ಸುತ್ತಿನಲ್ಲಿ, ಝೈರ್ ಫ್ರಾಂಕ್ಲಿನ್‌ನನ್ನು. ಲೆನರ್ಡ್ ಬಂದ ವರ್ಷವೇ 163 ಟ್ಯಾಕಲ್ ಮಾಡಿ, ರಕ್ಷಣಾ ವಿಭಾಗದ ವರ್ಷದ ಹೊಸ ಆಟಗಾರನೆಂಬ ಗೌರವ ಪಡೆದ. ಊರೆಲ್ಲ ಅವನ ಅಂಗಿಯೇ. ಫ್ರಾಂಕ್ಲಿನ್? ಅವನು ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಕ್ಯಾಪ್ಟನ್ ಆಗಿದ್ದವನು. ಹದಿನೆಂಟು ಇಪ್ಪತ್ತರ ಪ್ರಾಯದ ತಂಡವೊಂದು ಒಬ್ಬನನ್ನೇ ಮೂರು ಸಲ ನಾಯಕನೆಂದು ಒಪ್ಪಿಕೊಂಡಿದೆ ಎಂದರೆ, ಕೋಚ್ ದನಿ ನಿಂತ ಮೇಲೆ ಇವನ ಮಾತು ನಡೆಯುತ್ತದೆ ಎಂಬುದಕ್ಕೆ ಇನ್ನೆಂಥ ಸಾಕ್ಷಿ ಬೇಕಿತ್ತು! ಆದರೂ ಅವನ ಹೆಸರು ಕೂಗುವ ಹೊತ್ತಿಗೆ 234 ಜನ ಮುಂದೆ ಹೋಗಿಯಾಗಿತ್ತು. ನಾಲ್ಕು ವರ್ಷ ಅವನು ಹೆಚ್ಚಾಗಿ ದುಡಿದದ್ದು ಸ್ಪೆಷಲ್ ಟೀಮ್ಸ್‌ನಲ್ಲಿ. ಕಿಕ್ ಆದ ಕೂಡಲೇ ಮೈದಾನದುದ್ದಕ್ಕೂ ಓಡಿ ಡಿಕ್ಕಿ ಹೊಡೆಯುವ ಕೆಲಸ, ಟಿವಿಯಲ್ಲಿ ಹೆಸರು ಬಾರದ ಕೆಲಸ. 2022ರಲ್ಲಿ ಲೆನರ್ಡ್ ಬೆನ್ನಿನ ತೊಂದರೆಯಿಂದ ಹೊರಗುಳಿದಾಗ ಫ್ರಾಂಕ್ಲಿನ್‌ಗೆ ಪೂರ್ತಿ ಜಾಗ ಸಿಕ್ಕಿತು. ಆ ವರ್ಷ 167 ಟ್ಯಾಕಲ್. ಅವನು ಮುರಿದದ್ದು ಲೆನರ್ಡ್‌ನ ಹೆಸರಿನಲ್ಲಿದ್ದ ತಂಡದ ದಾಖಲೆಯನ್ನೇ. ಮರುವರ್ಷ 179, ತನ್ನ ದಾಖಲೆಯನ್ನು ತಾನೇ ಮುರಿದ.

ಟ್ಯಾಕಲ್ ಲೆಕ್ಕವೇ ಕೊನೆಯ ಮಾತಲ್ಲ, ಅದು ನನಗೂ ಗೊತ್ತು. ದುರ್ಬಲ ತಂಡದ ರಕ್ಷಣೆ ಹೆಚ್ಚು ಹೊತ್ತು ಮೈದಾನದಲ್ಲಿರುತ್ತದೆ, ಲೆಕ್ಕ ಬೆಳೆಯುತ್ತದೆ. ಎಂಟು ಗಜ ಬಿಟ್ಟುಕೊಟ್ಟ ಮೇಲೆ ಕೆಡವಿದ್ದೂ ಟ್ಯಾಕಲ್, ಒಂದೇ ಗಜಕ್ಕೆ ಕೆಡವಿದ್ದೂ ಟ್ಯಾಕಲ್. ಆದರೆ ಋತುವಿನ ಮೇಲೆ ಋತು ಚೆಂಡಿರುವಲ್ಲಿ ತಾನೂ ಇರುವುದು ಬರಿಯ ಕಾಲಿನಿಂದ ಆಗುವ ಕೆಲಸವಲ್ಲ.

ಈಗ ಶಕೀಮ್ ಗ್ರಿಫಿನ್ ಬಗ್ಗೆ. ಇವನೂ 2018ರವನೇ, ಐದನೆಯ ಸುತ್ತು, 141ನೆಯ ಆಯ್ಕೆ. ಹುಟ್ಟಿನಿಂದಲೇ ಎಡಗೈಗೆ ತೊಂದರೆಯಿತ್ತು, ನಾಲ್ಕನೆಯ ವಯಸ್ಸಿನಲ್ಲಿ ಆ ಕೈಯನ್ನು ಕತ್ತರಿಸಬೇಕಾಯಿತು. ಅವನ ಕಾಲೇಜು ಯುಸಿಎಫ್‌ನ ತಂಡ ಒಂದೂ ಪಂದ್ಯ ಸೋಲದ 2017ರ ಋತುವಿನಲ್ಲಿ ಅವನು ಅದರ ಬೆನ್ನೆಲುಬಾಗಿದ್ದ. ಕಂಬೈನ್‌ಗೆ ಮೊದಲ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ, ಕರೆ ಬಂದದ್ದು ತಡವಾಗಿ. ಬಂದವನು ಕೃತಕ ಕೈ ಕಟ್ಟಿಕೊಂಡು 225 ಪೌಂಡನ್ನು 20 ಸಲ ಎತ್ತಿದ. 40 ಗಜವನ್ನು 4.38 ಸೆಕೆಂಡಿನಲ್ಲಿ ಓಡಿದ. ನಮ್ಮೂರು ಅಂಥದ್ದೊಂದು ಓಟ ಕಂಡಿತಲ್ಲ ಎಂದು ನನಗೆ ಇವತ್ತಿಗೂ ಹೆಮ್ಮೆ.

ಮುಂದೇನಾಯಿತು? ಅವಳಿ ಸೋದರ ಇದ್ದ ಸಿಯಾಟಲ್ ತಂಡವೇ ಅವನನ್ನು ಕರೆತಂದಿತು. ಮೊದಲ ಪಂದ್ಯದಲ್ಲೇ, ಗಾಯಗೊಂಡಿದ್ದ ಹಿರಿಯನೊಬ್ಬನ ಜಾಗದಲ್ಲಿ, ಸಾಲಿನ ಹಿಂದೆ ನಿಂತು ಓದಿ ಆಡುವ ಕೆಲಸಕ್ಕೆ ಹಚ್ಚಿತು. ಕಾಲೇಜಿನಲ್ಲಿ ಅವನು ಹೆಸರು ಮಾಡಿದ್ದು ತುದಿಯಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದರಲ್ಲಿ. ಅದು ಬೇರೆ ವಿದ್ಯೆ, ಇದು ಬೇರೆ ವಿದ್ಯೆ. ಆ ದಿನ ಅವನು ತಡವರಿಸಿದ, ಜಾಗ ಹೋಯಿತು. ಆಮೇಲೆ ಹೆಚ್ಚಿನ ಕಾಲ ಸ್ಪೆಷಲ್ ಟೀಮ್ಸ್‌ನಲ್ಲಿ ಆಡಿ, 2022ರಲ್ಲಿ ನಿವೃತ್ತನಾದ. ಇದರಲ್ಲಿ ಅವನ ಸೋಲಿಗಿಂತ ಅಳತೆಯ ಸೋಲು ದೊಡ್ಡದು. 4.38 ಎಂಬುದು ನಿಮ್ಮ ಕಣ್ಣು ಕುಕ್ಕಿತು. ಆ ವೇಗವನ್ನು ಎಲ್ಲಿ ನಿಲ್ಲಿಸಿ ಬಳಸಬೇಕು ಎಂಬ ಪ್ರಶ್ನೆ ಹಿಂದುಳಿಯಿತು. ಕೊನೆಯ ಸುತ್ತುಗಳಲ್ಲಿ ಬಂದವನಿಗೆ ಎರಡನೆಯ ಅವಕಾಶ ಅಷ್ಟು ಸುಲಭವಾಗಿ ಸಿಗುವುದೂ ಇಲ್ಲ.

ನನ್ನ ನಿಜವಾದ ಸಂಕಟ ಇರುವುದು ಇಲ್ಲೇ. ಮೊದಲ ಸುತ್ತಿನವನು ತಪ್ಪು ಹೆಜ್ಜೆ ಇಟ್ಟರೆ ಕಲಿಯುತ್ತಿದ್ದಾನೆ ಎನ್ನುತ್ತೀರಿ. ಆರನೆಯ ಸುತ್ತಿನವನು ಅದೇ ಹೆಜ್ಜೆ ಇಟ್ಟರೆ ಇಷ್ಟೇ ಇವನ ಯೋಗ್ಯತೆ ಎನ್ನುತ್ತೀರಿ. ಮೊದಲನೆಯವನ ಮೇಲೆ ಹಣ ಸುರಿದಾಗಿದೆ, ಐದನೆಯ ವರ್ಷವನ್ನೂ ಕಾದಿರಿಸಿಕೊಳ್ಳುವ ಹಕ್ಕು ತಂಡಕ್ಕಿದೆ, ಹಾಗಾಗಿ ಸಹನೆ ತಾನಾಗಿ ಬರುತ್ತದೆ. ಎರಡನೆಯವನನ್ನು ಆಗಸ್ಟಿನಲ್ಲಿ, 90 ಜನರನ್ನು 53ಕ್ಕೆ ಇಳಿಸುವ ದಿನ, ಹೆಚ್ಚು ನಷ್ಟವಿಲ್ಲದೆ ಕಳಿಸಿಬಿಡಬಹುದು. ಹಾಗೆ ಹೋದವರೇ ಹೆಚ್ಚು, ಫ್ರಾಂಕ್ಲಿನ್‌ನಂಥವರು ವಿರಳ. ಕಳಿಸಿದ ಎಲ್ಲರಲ್ಲೂ ಮುತ್ತಿತ್ತು ಎಂದು ನಾನು ವಾದಿಸುವುದಿಲ್ಲ. ಬೆಲೆ ಕಟ್ಟಿದವರು ನೀವು. ಆಮೇಲೆ ನೋಡುವಾಗ ಕಣ್ಣೆದುರು ಆ ಬೆಲೆಯ ಚೀಟಿ ತೂಗದಿರಲಿ, ಅಷ್ಟೇ.

ಇದು ಇವತ್ತಿನ ಕತೆ ಮಾತ್ರವೂ ಅಲ್ಲ. 1996ರಲ್ಲಿ ಝ್ಯಾಕ್ ಥಾಮಸ್ ಗಿಡ್ಡ ಎಂಬ ಮಾತಿಗೆ ಸಿಕ್ಕಿ ಐದನೆಯ ಸುತ್ತಿಗೆ, 154ಕ್ಕೆ ಜಾರಿದ. ಮಯಾಮಿಯ ಕೋಚ್ ಜಿಮ್ಮಿ ಜಾನ್ಸನ್ ಬೇಸಿಗೆಯ ಅಭ್ಯಾಸದಲ್ಲಿ ತಾನು ಕಂಡದ್ದನ್ನು ನಂಬಿ, ಹಿರಿಯ ಲೈನ್‌ಬ್ಯಾಕರ್‌ನನ್ನೇ ಬಿಟ್ಟು ಇವನಿಗೆ ಜಾಗ ಕೊಟ್ಟರು. 2023ರಲ್ಲಿ ಥಾಮಸ್ ಹಾಲ್ ಆಫ್ ಫೇಮ್ ಸೇರಿದ. ಲಂಡನ್ ಫ್ಲೆಚರ್‌ನನ್ನು 1998ರಲ್ಲಿ ಯಾರೂ ಆರಿಸಲೇ ಇಲ್ಲ, ಅವನು 16 ವರ್ಷ ಒಂದೂ ಪಂದ್ಯ ತಪ್ಪಿಸದೆ 256 ಪಂದ್ಯ ಆಡಿದ. ಸ್ಯಾಮ್ ಮಿಲ್ಸ್‌ನ ಎತ್ತರ 5 ಅಡಿ 9 ಅಂಗುಲ. ಅವನನ್ನೂ ಯಾರೂ ಆರಿಸಲಿಲ್ಲ. ಕ್ಲೀವ್‌ಲ್ಯಾಂಡ್ ಬೇಡ ಎಂದಿತು, ಕೆನಡಾದಲ್ಲೂ ಬೇಡ ಎಂದರು. ನ್ಯೂ ಜೆರ್ಸಿಯ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದವನನ್ನು ಯುಎಸ್‌ಎಫ್‌ಎಲ್ ಎಂಬ ಹೊಸ ಲೀಗು ಕರೆಯಿತು. ಅಲ್ಲಿ ಅವನನ್ನು ದಿನವೂ ಕಂಡ ಜಿಮ್ ಮೋರಾ, 1986ರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಕೋಚ್ ಆಗಿ ಹೋದಾಗ ಜೊತೆಗೇ ಕರೆದೊಯ್ದರು. ಮಿಲ್ಸ್ 2005ರಲ್ಲಿ ಕ್ಯಾನ್ಸರಿಗೆ ಬಲಿಯಾದ. ಹಾಲ್ ಆಫ್ ಫೇಮ್ ಅವನಿಗೆ ಬಾಗಿಲು ತೆರೆದದ್ದು 2022ರಲ್ಲಿ.

ಗಮನಿಸಿ, ಥಾಮಸ್‌ನನ್ನೂ ಮಿಲ್ಸ್‌ನನ್ನೂ ಕಂಡುಹಿಡಿದದ್ದು ಸ್ಟಾಪ್‌ವಾಚ್ ಅಲ್ಲ. ದಿನಾ ಎದುರಿಗೆ ನಿಂತು ನೋಡಿದವರ ಕಣ್ಣು. ನಿಮಗೂ ಅಂಥ ಕಣ್ಣಿದೆ. ಮಳೆಯಲ್ಲಿ ನೆನೆಯುತ್ತ ಸಣ್ಣ ಕಾಲೇಜುಗಳ ಅಭ್ಯಾಸ ನೋಡುವವರು ನೀವು, ಹೆಂಡತಿ ಮಕ್ಕಳನ್ನು ಬಿಟ್ಟು ತಿಂಗಳುಗಟ್ಟಲೆ ರಸ್ತೆಯಲ್ಲಿರುವವರು ನೀವು. ಕಾಲೇಜಿನಲ್ಲಿ ಆ ಹುಡುಗನಿಗೆ ಯಾವ ಕೆಲಸ ಒಪ್ಪಿಸಿದ್ದರು ಎಂದು ಕೇಳುವುದನ್ನು ಬಿಡಬೇಡಿ. ಇಪ್ಪತ್ತು ಅಂಕ ಹಿಂದಿರುವ ಪಂದ್ಯದ ಕೊನೆಯ ಕಾಲುಭಾಗವನ್ನೂ ನೋಡಿ. ಅವನು ಕೆಡವಿದ್ದನ್ನು ಎಣಿಸುವಾಗ, ಎಡವಟ್ಟಾಗಿ ಇಟ್ಟ ಮೊದಲ ಹೆಜ್ಜೆಗಳನ್ನೂ ಎಣಿಸಿ.

ಮುಂದಿನ ಸಲ ನಮ್ಮೂರಿಗೆ ಬಂದಾಗ, ಹಗಲಿನ ಓಟ ಜಿಗಿತಗಳೆಲ್ಲ ಮುಗಿದು, ಹೋಟೆಲ್ ಕೋಣೆಯಲ್ಲಿ ಅಂಥ ಒಬ್ಬನ ವಿಡಿಯೊ ಹಾಕುತ್ತೀರಲ್ಲ, ಚೆಂಡು ಹೊರಡುವ ಮುಂಚೆ ಒಮ್ಮೆ ನಿಲ್ಲಿಸಿ. ಆ ಹುಡುಗ ಯಾರಿಗೋ ಕೂಗುತ್ತಿರುತ್ತಾನೆ, ಕೈ ಒಂದು ಕಡೆ ತೋರಿಸುತ್ತಿರುತ್ತಾನೆ. ಯಾವ ಕಡೆ ಎಂದು ಬರೆದುಕೊಂಡು, ಆಮೇಲೆ ವಿಡಿಯೊ ಬಿಡಿ.

ಇಂತಿ,
ಇಂಡಿಯಾನಾಪೊಲಿಸ್‌ನ ಒಬ್ಬ ಕನ್ನಡಿಗ ಪ್ರೇಕ್ಷಕ